ಹರಿದು ಹಾಕು ಅಂದ್ರೂ ಉಳಿದ ಕಾಗದಗಳು: ಫ್ರಾಯ್ಡ್ ಪತ್ರಗಳ ಒಂದು ಪ್ರಕರಣ

ನಮ್ಮಜ್ಜಿ ಊರಿಂದ ಹಾಕ್ತಿದ್ದ ಇನ್‌ಲ್ಯಾಂಡ್ ಲೆಟರ್‌ಗಳ ಕೊನೇ ಸಾಲು, ಮಡಿಸೋ ಅಂಚಿನ ಒಳಗೆ ಜಾಗ ಸಾಲದೆ ಅಡ್ಡಡ್ಡ ತುರುಕಿರೋದು, ಬಹಳ ಸಲ ಒಂದೇ ಇರ್ತಿತ್ತು: ಓದಿದ ಮೇಲೆ ಹರಿದು ಹಾಕು. ಅಮ್ಮ ಒಂದನ್ನೂ ಹರೀಲಿಲ್ಲ. ಅಡುಗೆಮನೆ ಬಾಗಿಲ ಹಿಂದೆ ಮೊಳೆಗೆ ನೇತಾಡ್ತಿದ್ದ ತಂತಿಗೆ ಕರೆಂಟ್ ಬಿಲ್ ಜೊತೆ ಚುಚ್ಚಿಬಿಡ್ತಿದ್ಲು. ಸಾವಿನ ಸುದ್ದಿ ಬಂದ ಕಾರ್ಡ್ ಮಾತ್ರ ಓದಿದ ತಕ್ಷಣ ಹರಿದು ಹೊರಗೆ ಹಾಕೋದು, ಮಿಕ್ಕಿದ್ದೆಲ್ಲ ತಂತೀಲಿ ಭದ್ರ. ಅತ್ತೆ ಮನೆ ಜಗಳ, ಯಾರ ಸಾಲ ಎಷ್ಟು, ಯಾರ ಮಗಳು ಯಾರ ಜೊತೆ, ಎಲ್ಲಾ.

ನಾನು ಬರೀಬೇಕು ಅಂತಿರೋ ಪ್ರಕರಣದಲ್ಲೂ ಇರೋದು ಇದೇ ಜಗಳ, ಸೈಜ್ ಮಾತ್ರ ದೊಡ್ಡದು. ಬರೆದವನು ಸಿಗ್ಮಂಡ್ ಫ್ರಾಯ್ಡ್, ವಿಯೆನ್ನಾದ ನರರೋಗದ ಡಾಕ್ಟರ್, ಮಾತಾಡಿಸಿ ಮನಸ್ಸಿನ ಒಳಗಿನದನ್ನ ಹೊರತೆಗೆಯೋ ಮನೋವಿಶ್ಲೇಷಣೆ (ಸೈಕೋಅನಾಲಿಸಿಸ್) ಅನ್ನೋ ಪದ್ಧತಿ ಶುರು ಮಾಡಿದವನು. ಬರೆಸಿಕೊಂಡವನು ವಿಲ್ಹೆಲ್ಮ್ ಫ್ಲೀಸ್, ಬರ್ಲಿನ್‌ನ ಕಿವಿ ಮೂಗು ಗಂಟಲಿನ ಡಾಕ್ಟರ್. 1887ರಲ್ಲಿ ಫ್ಲೀಸ್ ವಿಯೆನ್ನಾಗೆ ಬಂದಾಗ ಹಿರಿಯ ಡಾಕ್ಟರ್ ಬ್ರಾಯರ್ ಹೇಳಿದ್ರು ಅಂತ ಫ್ರಾಯ್ಡ್‌ನ ಲೆಕ್ಚರ್ ಕೇಳೋಕೆ ಹೋದ, ಪರಿಚಯ ಆಯ್ತು, ಆ ವರ್ಷ ನವೆಂಬರ್ 24ಕ್ಕೆ ಫ್ರಾಯ್ಡ್ ಮೊದಲ ಪತ್ರ ಹಾಕಿದ, ಅಲ್ಲಿಂದ 1904ರ ತನಕ ನಡೀತು. ಇವತ್ತು ಆ ಕಟ್ಟಿನಲ್ಲಿ ಪತ್ರ, ಟಿಪ್ಪಣಿ, ಕರಡು ಎಲ್ಲಾ ಸೇರಿ 284 ಇವೆ.

ಈ ಫ್ಲೀಸ್ ಬಗ್ಗೆ ಒಂದ್ಮಾತು ಹೇಳಿ ಮುಂದಕ್ಕೆ ಹೋಗ್ತೀನಿ. ಮೂಗಿಗೂ ಜನನೇಂದ್ರಿಯಕ್ಕೂ ನೇರ ಸಂಬಂಧ ಇದೆ, ಮೂಗಿನ ಒಳಗೆ ಕೊಕೇನ್ ಹಚ್ಚಿದ್ರೆ ಅಥವಾ ಸುಟ್ರೆ ಹೊಟ್ಟೆನೋವು ಹೋಗುತ್ತೆ ಅಂತ ನಂಬಿದ್ದ ಮನುಷ್ಯ. ಅದರ ಮೇಲೆ ಇನ್ನೊಂದು ಥಿಯರಿ, ಮನುಷ್ಯನ ಜೀವನ ಪೂರ್ತಿ 23 ದಿನ ಮತ್ತು 28 ದಿನದ ಲೆಕ್ಕದಲ್ಲಿ ನಡೆಯುತ್ತೆ, ಹುಟ್ಟು ಸಾವು ನೆಗಡಿ ಎಲ್ಲಾ. ಪಂಚಾಂಗ ನೋಡಿ ಬೆಳೆದ ನಮಗೆ ಇದು ತೀರಾ ಹೊಸದೇನಲ್ಲ ಬಿಡಿ. ತಮಾಷೆ ಏನಂದ್ರೆ ಫ್ರಾಯ್ಡ್ ಇದನ್ನೆಲ್ಲ ಸೀರಿಯಸ್ಸಾಗಿ ನಂಬಿದ್ದ, ಮನೆಯವರ ಕಾಯಿಲೆ ತಾರೀಖುಗಳನ್ನ ಕೂತು ಲೆಕ್ಕ ಹಾಕಿ ಬರ್ಲಿನ್‌ಗೆ ಕಳಿಸ್ತಿದ್ದ. ಆಗ ಅವನ ಮಾತು ಕೇಳೋ ಜನ ವಿಯೆನ್ನಾದಲ್ಲಿ ಕಡಿಮೆ, ಇವನೊಬ್ಬ ಕಿವಿ ಕೊಟ್ಟು ಕೇಳ್ತಿದ್ದ, ಕಿವಿ ಡಾಕ್ಟರೇ ಅಲ್ವಾ.

ಆದ್ರೆ ಆ ಕೇಳುಗನಿಗೆ ಅವನು ಬರೆದಿದ್ದೇನು ಅಂತ ನೋಡಿದ್ರೆ ತಲೆ ತಿರುಗುತ್ತೆ. 1895ರ ಸೆಪ್ಟೆಂಬರ್‌ನಲ್ಲಿ ಬರ್ಲಿನ್‌ಗೆ ಹೋಗಿ ಫ್ಲೀಸ್‌ನ ನೋಡಿ ವಾಪಸ್ ಬರ್ತಾ ಟ್ರೇನಲ್ಲೇ ಪೆನ್ಸಿಲ್ ಹಿಡಿದು ಬರೆಯೋಕೆ ಶುರು ಮಾಡಿದ್ದು, ಮನಸ್ಸನ್ನ ನರಕೋಶಗಳ ಲೆಕ್ಕದಲ್ಲಿ ವಿವರಿಸೋ ಒಂದು ದೊಡ್ಡ ಕರಡು, ಅಕ್ಟೋಬರ್‌ನಲ್ಲಿ ನೋಟ್‌ಬುಕ್ ಸಮೇತ ಕಳಿಸಿಬಿಟ್ಟ, ತನ್ನ ಹತ್ರ ಕಾಪಿ ಇಟ್ಕೊಳ್ಳಲಿಲ್ಲ. 1897ರ ಸೆಪ್ಟೆಂಬರ್ 21ರ ಪತ್ರದಲ್ಲಿ, ಚಿಕ್ಕಂದಿನಲ್ಲಿ ಆದ ಲೈಂಗಿಕ ದೌರ್ಜನ್ಯವೇ ಹಿಸ್ಟೀರಿಯಾಗೆ (ದೇಹದಲ್ಲಿ ಕಾರಣ ಸಿಗದ, ಮನಸ್ಸಿಂದ ಬರುತ್ತೆ ಅಂತಿದ್ದ ಕಾಯಿಲೆಗೆ) ಮೂಲ ಅನ್ನೋ ತನ್ನ ಥಿಯರೀನ ಇನ್ನು ನಂಬಲ್ಲ ಅಂತ ಬರೀತಾನೆ. ಅಕ್ಟೋಬರ್ 15ಕ್ಕೆ ಇನ್ನೊಂದು ಪತ್ರ, ಅದರಲ್ಲಿ ಮೊದಲ ಸಲ, ಗೊತ್ತಿಲ್ಲದೇ ಅಪ್ಪನ್ನ ಕೊಂದು ಅಮ್ಮನ್ನೇ ಮದುವೆಯಾದ ಗ್ರೀಕ್ ನಾಟಕದ ಈಡಿಪಸ್ ರಾಜ ಬರ್ತಾನೆ, ಹಿಂದೇನೇ ಹ್ಯಾಮ್ಲೆಟ್. ಒಂದು ತಿಂಗಳೂ ಇಲ್ಲ ಮಧ್ಯೆ. ಪುಸ್ತಕಗಳಲ್ಲಿ ನಮಗೆ ಸಿಗೋದು ಬೆಂದ ಅನ್ನ, ಅಕ್ಕಿ ಕುದೀತಿರೋದು ಕಾಣೋದು ಇಲ್ಲಿ ಮಾತ್ರ.

ಹಂಗಾದ್ರೆ ಇವು ಉಳಿಯಬಾರ್ದು ಅಂತ ಯಾಕೆ ಹಠ? ಇದು ಫ್ರಾಯ್ಡ್‌ಗೆ ಹಳೇ ಚಟ. 1885ರ ಏಪ್ರಿಲ್‌ನಲ್ಲಿ, ಇನ್ನೂ 29 ತುಂಬಿಲ್ಲ, ಹೆಸರು ಬಂದಿಲ್ಲ, ಮದುವೆನೂ ಆಗಿಲ್ಲ, ಮದುವೆಯಾಗಬೇಕಿದ್ದ ಮಾರ್ಥಾಗೆ ಬರೀತಾನೆ, ಹದಿನಾಲ್ಕು ವರ್ಷದ ನೋಟ್ಸು, ಪತ್ರ, ಹಸ್ತಪ್ರತಿ ಎಲ್ಲಾ ನಾಶ ಮಾಡಿದೀನಿ, ನನ್ನ ಜೀವನಚರಿತ್ರೆ ಬರೆಯೋರು ಒದ್ದಾಡಲಿ ಅಂತ. ಯಾರು ಕೇಳಿದ್ರು ಆಗ ನಿನ್ನ ಜೀವನಚರಿತ್ರೆನ ಅಂತ ನಗು ಬರುತ್ತೆ, ಆದ್ರೆ ಅವನ ಅಂದಾಜು ಸರಿಯಾಗೇ ಇತ್ತು.

ಗೆಳೆತನ ಮುರಿದಿದ್ದು ಕೆಟ್ಟದಾಗಿ. 1900ರ ಬೇಸಿಗೇಲಿ ಆಖೆನ್‌ಜೀ ಅನ್ನೋ ಸರೋವರದ ಹತ್ರ ಭೇಟಿಯಾಗಿ ಜಗಳ ಆಯ್ತು, ಆಮೇಲೆ ಮತ್ತೆ ಸೇರಲಿಲ್ಲ. 1904ರಲ್ಲಿ ಫ್ಲೀಸ್ ಕಾಗದ ಹಾಕಿದ, ಮನುಷ್ಯರಲ್ಲಿ ಗಂಡು ಹೆಣ್ಣು ಎರಡೂ ಅಂಶ ಇದೆ ಅನ್ನೋ ನನ್ನ ವಿಚಾರ ನಿನ್ನ ಮೂಲಕ ಲೀಕ್ ಆಗಿ ಬೇರೆಯವರ ಪುಸ್ತಕಕ್ಕೆ ಹೋಗಿದೆ ಅಂತ. ಫ್ರಾಯ್ಡ್ ಮೊದಲು ನುಣುಚಿಕೊಂಡ, ಆಮೇಲೆ ಅರ್ಧಂಬರ್ಧ ಒಪ್ಪಿಕೊಂಡ. ಅಲ್ಲಿಗೆ ಮುಗೀತು.

1928ರಲ್ಲಿ ಫ್ಲೀಸ್ ತೀರ್ಕೊಂಡ. ಡಿಸೆಂಬರ್‌ನಲ್ಲಿ ಅವನ ಹೆಂಡತಿ ಇಡಾ ಫ್ರಾಯ್ಡ್‌ಗೆ ಬರೆದು, ನಮ್ಮ ಯಜಮಾನರು ನಿಮಗೆ ಬರೆದ ಪತ್ರ ಇದ್ರೆ ಕೊಡಿ ಅಂತ ಕೇಳಿದಳು. ಹುಡುಕಿದೆ ಸಿಗ್ತಿಲ್ಲ ಅಂತ ಉತ್ತರ ಬಂತು, ಜೊತೆಗೆ, ನಾನು ಬರೆದವು ನಿಮ್ಮ ಹತ್ರ ಇದ್ರೆ ಮುಂದೆ ಯಾರ ಕೈಗೂ ಸಿಗದ ಹಾಗಾಗಿದೆ ಅಂತ ಕೇಳೋಕೆ ಇಷ್ಟ ಅನ್ನೋ ಧಾಟಿಯ ಮಾತು. ಅಂದ್ರೆ ಮರ್ಯಾದೆಯಾಗಿ, ಸುಟ್ಟು ಹಾಕಮ್ಮ ಅಂತ.

ಇಡಾ ಸುಡಲಿಲ್ಲ. ಮೊದಲು ಪ್ರಷ್ಯಾದ ರಾಷ್ಟ್ರೀಯ ಲೈಬ್ರರಿಗೆ ಕೊಡೋ ಯೋಚನೆ ಇತ್ತಂತೆ, ಆದ್ರೆ ನಾಜಿಗಳು ಫ್ರಾಯ್ಡ್ ಪುಸ್ತಕಗಳನ್ನೇ ಬೀದೀಲಿ ಸುಟ್ಟ ಮೇಲೆ ಆ ಯೋಚನೆ ಬಿಟ್ಟಳು. ಕೊನೆಗೆ ರೈನ್‌ಹೋಲ್ಡ್ ಸ್ಟಾಲ್ ಅನ್ನೋ ಬರ್ಲಿನ್‌ನ ಪುಸ್ತಕ ವ್ಯಾಪಾರಿಗೆ ಮಾರಿದಳು, ಒಂದು ಷರತ್ತಿನ ಮೇಲೆ: ಯಾರಿಗಾದ್ರೂ ಮಾರು, ಫ್ರಾಯ್ಡ್‌ಗೆ ಮಾತ್ರ ನೇರವಾಗಿಯೂ ಬೇಡ, ಇನ್ನೊಬ್ಬರ ಕೈಯಲ್ಲೂ ಬೇಡ, ಅವನು ನಾಶ ಮಾಡ್ತಾನೆ.

ಈ ಪ್ರಕರಣದ ಬಗ್ಗೆ ಬರೆಯೋರೆಲ್ಲ ಮುಂದೆ ಬರೋ ರಾಜಕುಮಾರಿಯನ್ನ ಹೊಗಳ್ತಾರೆ. ನನ್ನ ಓಟು ಇಡಾಗೆ. ಗಂಡ ಸತ್ತಿದಾನೆ, ದೇಶದಲ್ಲಿ ಯಹೂದಿಗಳಿಗೆ ಉಳಿಗಾಲ ಇಲ್ಲ, ಫ್ರಾಯ್ಡ್ ಮೇಲೆ ಅವಳಿಗೆ ಒಳ್ಳೇ ಅಭಿಪ್ರಾಯನೂ ಇರಲಿಲ್ಲ, ಅಂಥ ಹೊತ್ತಲ್ಲಿ ಸಿಟ್ಟಿಗೆ ಒಲೆಗೆ ಹಾಕಿದ್ರೂ ಯಾರೂ ಕೇಳ್ತಿರಲಿಲ್ಲ. ಬದಲಿಗೆ ಅವಳು ಹಾಕಿದ ಒಂದು ಸಾಲಿನ ಷರತ್ತು, ವಕೀಲರ ಹತ್ರ ಬರೆಸಿದ್ರೂ ಇಷ್ಟು ಚೆನ್ನಾಗಿ ಕೆಲಸ ಮಾಡ್ತಿರಲಿಲ್ಲ.

ಸ್ಟಾಲ್ ಪ್ಯಾರಿಸ್‌ಗೆ ಬಂದು ಮೇರಿ ಬೊನಾಪಾರ್ಟ್ ಬಾಗಿಲು ತಟ್ಟಿದ. ಈಕೆ ನೆಪೋಲಿಯನ್ನನ ತಮ್ಮನ ವಂಶದವಳು, ಗ್ರೀಸ್ ಮತ್ತು ಡೆನ್ಮಾರ್ಕ್ ರಾಜಮನೆತನದ ಸೊಸೆ, ತಾಯಿ ಕಡೆಯಿಂದ ಮಾಂಟೆ ಕಾರ್ಲೊ ಜೂಜುಮನೆಯ ದುಡ್ಡು. 1925ರಲ್ಲಿ ಫ್ರಾಯ್ಡ್ ಹತ್ರ ಪೇಷಂಟಾಗಿ ಹೋದವಳು ಆಮೇಲೆ ಶಿಷ್ಯೆ, ಆಮೇಲೆ ಮನೆಯವಳ ಹಾಗೇ ಆಗಿದ್ದಳು. ಬೆಲೆ 12,000 ಫ್ರಾಂಕ್. ಅಮೆರಿಕದ ಕಡೆಯಿಂದಲೂ ಕೇಳ್ತಿದಾರೆ ಅಂತ ಸ್ಟಾಲ್ ಹೇಳಿದ, ವ್ಯಾಪಾರಿ ಹಾಗೆ ಹೇಳದೆ ಇನ್ನೇನು ಹೇಳ್ತಾನೆ. ಈಕೆ ಒಪ್ಪಿಕೊಂಡು 1936ರ ಡಿಸೆಂಬರ್ 30ಕ್ಕೆ ಗುರುಗಳಿಗೆ ಖುಷಿಯಾಗಿ ಸುದ್ದಿ ಬರೆದಳು.

ಜನವರಿ 3ಕ್ಕೆ ಉತ್ತರ ಬಂತು. ನಮ್ಮ ಪತ್ರವ್ಯವಹಾರ ಊಹಿಸೋಕಾಗದಷ್ಟು ಅಂತರಂಗದ್ದು, ಮುಂದಿನ ಪೀಳಿಗೆ ಅಂತೀರಲ್ಲ ಅವರ ಕಣ್ಣಿಗೆ ಒಂದೂ ಬೀಳಬಾರದು, ಖರ್ಚಲ್ಲಿ ಅರ್ಧ ನಾನು ಕೊಡ್ತೀನಿ. ಈ ಅರ್ಧ ಖರ್ಚಿನ ಮಾತು ನೋಡಿ. ಮೇಲ್ನೋಟಕ್ಕೆ ದೊಡ್ಡತನ, ಆದ್ರೆ ಅರ್ಧ ದುಡ್ಡು ಕೊಟ್ಟವನು ಅರ್ಧ ಮಾಲೀಕ, ನಾಳೆ ಸುಡು ಅಂದ್ರೆ ಇಲ್ಲ ಅನ್ನೋಕಾಗಲ್ಲ. ಮೇರಿ ದುಡ್ಡು ತಗೊಳ್ಳಲಿಲ್ಲ. ನನ್ನ ಓದಿನ ಪ್ರಕಾರ ಇಡೀ ಪ್ರಕರಣದ ಬುದ್ಧಿವಂತಿಕೆ ಅಲ್ಲಿದೆ.

ಜನವರಿ 7ಕ್ಕೆ ಅವಳು ಬರೆದ ಉತ್ತರ ಒಂದು ಒಳ್ಳೇ ವಾದ. ನೀವು ಪ್ಲೇಟೋ, ಗಯಟೆ ಥರ ಮನುಷ್ಯರ ಆಲೋಚನೆಯ ಇತಿಹಾಸಕ್ಕೆ ಸೇರಿದವರು, ಸಾಕ್ರಟೀಸ್‌ನ ಖಾಸಗಿ ಬದುಕು ಮುಚ್ಚಿಡಬೇಕು ಅಂತ ಪ್ಲೇಟೋನ ಸಂಭಾಷಣೆಗಳನ್ನ ಸುಟ್ಟಿದ್ರೆ ಎಷ್ಟು ನಷ್ಟ ಆಗ್ತಿತ್ತು ಅಂತ ಕೇಳ್ತಾಳೆ. ಕೊಡ್ತೀನಿ ಅಂತ ಎಲ್ಲೂ ಹೇಳಲ್ಲ, ಬೇಕಾದ್ರೆ ಜಿನೀವಾದಂಥ ಕಡೆ ಒಂದು ಲೈಬ್ರರೀಲಿ ಇಡೋಣ, ನೀವು ಹೋದ ಮೇಲೆ 80 ಅಥವಾ 100 ವರ್ಷ ಯಾರೂ ತೆಗೀಬಾರದು ಅಂತ ಷರತ್ತು ಹಾಕೋಣ, ಆಗ ಮನೆಯವರಿಗೂ ನೋವಾಗಲ್ಲ ಅಂತ ಮಧ್ಯದ ದಾರಿ ತೋರಿಸ್ತಾಳೆ. ದಾಖಲೆಗಳಿಗೆ ಕಾಲದ ಬೀಗ ಹಾಕೋ ಪದ್ಧತಿ ಇವತ್ತೂ ಇದೇ.

ಫ್ರಾಯ್ಡ್ ಒಂದು ಯಹೂದಿ ಜೋಕ್ ಹೇಳಿದನಂತೆ ಅವಳಿಗೆ. ನವಿಲನ್ನ ಅಡುಗೆ ಮಾಡೋದು ಹೇಗೆ? ಮೊದಲು ಒಂದು ವಾರ ಮಣ್ಣಲ್ಲಿ ಹೂತಿಡಬೇಕು, ಆಮೇಲೆ ಅಗೆದು ತೆಗೀಬೇಕು. ಆಮೇಲೆ? ಆಮೇಲೆ ಎಸೀಬೇಕು. ಮೇರಿಗೆ ಅರ್ಥ ಆಯ್ತು, ಆದ್ರೂ ಎಸೀಲಿಲ್ಲ.

ಇಲ್ಲಿಂದ ಮುಂದೆ ಪತ್ತೇದಾರಿ ಕಾದಂಬರಿ. ಕಾಗದದ ಕಟ್ಟನ್ನ ಅವಳು ವಿಯೆನ್ನಾದ ರಾಥ್ಸ್‌ಚೈಲ್ಡ್ ಬ್ಯಾಂಕಿನ ಲಾಕರ್‌ನಲ್ಲಿ ಇಟ್ಟಳು, ಮುಂದಿನ ಬೇಸಿಗೇಲಿ ಬಂದು ಓದೋಣ ಅಂತ. 1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾಗೆ ನುಗ್ಗಿದ. ಯಹೂದಿ ಬ್ಯಾಂಕು, ಒಳಗೆ ಯಹೂದಿ ಡಾಕ್ಟರ್ ಇನ್ನೊಬ್ಬ ಯಹೂದಿ ಡಾಕ್ಟರ್‌ಗೆ ಬರೆದ ಪತ್ರ. ರಾಜಮನೆತನದ ಸೊಸೆ ಅನ್ನೋ ಒಂದೇ ಬಲದಲ್ಲಿ ಮೇರಿ ಹೋಗಿ, ಗೆಸ್ಟಪೋ ಪೊಲೀಸರು ನಿಂತು ನೋಡ್ತಿರೋವಾಗ್ಲೇ ಲಾಕರ್ ತೆಗೆಸಿ ಕಟ್ಟನ್ನ ಎತ್ತಿಕೊಂಡು ಬಂದಳು. ಪ್ಯಾರಿಸ್‌ಗೆ ತಂದಳು. 1941ರಲ್ಲಿ, ಅಷ್ಟೊತ್ತಿಗೆ ಪ್ಯಾರಿಸ್ ಕೂಡ ಜರ್ಮನ್ನರ ಕೈಲಿ, ಗ್ರೀಸ್‌ಗೆ ಹೊರಡ್ತಾ ಡೆನ್ಮಾರ್ಕ್‌ನ ರಾಯಭಾರ ಕಚೇರೀಲಿ ಬಿಟ್ಟು ಹೋದಳು. ಯುದ್ಧ ಮುಗಿದ ಮೇಲೆ ಇಂಗ್ಲಿಷ್ ಕಾಲುವೆ ದಾಟಿಸಿ ಲಂಡನ್‌ಗೆ ಕಳಿಸೋವಾಗ, ಸಮುದ್ರದಲ್ಲಿ ಇನ್ನೂ ಮೈನ್‌ಗಳಿದ್ದಿದ್ರಿಂದ, ಹಡಗು ಮುಳುಗಿದ್ರೂ ಕಾಗದ ತೇಲಲಿ ಅಂತ ನೀರು ತಾಗದ, ತೇಲೋ ಸಾಮಾನಲ್ಲಿ ಸುತ್ತಿ ಕಳಿಸಿದ್ರು. ಬರೆದವನು 1939ರ ಸೆಪ್ಟೆಂಬರ್‌ನಲ್ಲೇ ಲಂಡನ್ನಿನಲ್ಲಿ ತೀರಿಕೊಂಡಿದ್ದ.

ಇಲ್ಲಿಗೆ ಕಥೆ ಮುಗಿದ್ರೆ ಚೆನ್ನಾಗಿರ್ತಿತ್ತು. ನಿಜವಾದ ತೊಡಕು ಶುರು ಆಗಿದ್ದು ಕಾಗದ ಸೇಫಾಗಿ ಮನೆ ಸೇರಿದ ಮೇಲೆ.

1895ರ ಡಿಸೆಂಬರ್ 3ಕ್ಕೆ ಫ್ರಾಯ್ಡ್‌ಗೆ ಆರನೇ ಮಗು ಹುಟ್ಟಿತು. ಅವತ್ತೇ ಫ್ಲೀಸ್‌ಗೆ ಬರೀತಾನೆ, ಗಂಡಾಗಿದ್ರೆ ಟೆಲಿಗ್ರಾಂ ಕೊಡ್ತಿದ್ದೆ, ಯಾಕಂದ್ರೆ ನಿನ್ನ ಹೆಸರೇ ಇಡ್ತಿದ್ದೆ, ಹೆಣ್ಣಾಗಿರೋದ್ರಿಂದ ಅನ್ನಾ ಅಂತ ಹೆಸರು, ಸ್ವಲ್ಪ ತಡವಾಗಿ ಪರಿಚಯ ಮಾಡಿಸ್ತಿದೀನಿ. ವಿಲ್ಹೆಲ್ಮ್ ಆಗಬೇಕಿದ್ದ ಆ ಅನ್ನಾನೇ, 50 ವರ್ಷದ ಮೇಲೆ ಲಂಡನ್‌ನಲ್ಲಿ ವಿಲ್ಹೆಲ್ಮ್‌ಗೆ ಬರೆದ ಪತ್ರಗಳ ಕಟ್ಟು ಬಿಚ್ಚಿ ಕೂತಿದ್ದು. ಜೊತೆಗೆ ಮೇರಿ, ಮತ್ತು ಅರ್ನ್‌ಸ್ಟ್ ಕ್ರಿಸ್ ಅನ್ನೋ ವಿದ್ವಾಂಸ. ಈ ಕ್ರಿಸ್‌ನ ಹೆಂಡತಿ ಯಾರಪ್ಪ ಅಂದ್ರೆ ಇಡಾ ಫ್ಲೀಸ್‌ಳ ತಂಗಿಯ ಮಗಳು. ಒಟ್ನಲ್ಲಿ ಸಂಪಾದಕ ಮಂಡಳಿ ಅನ್ನೋದಕ್ಕಿಂತ ಆಸ್ತಿ ಪಾಲಿಗೆ ಕೂತ ನೆಂಟರ ಪಂಚಾಯ್ತಿ ಅನ್ನಬಹುದು.

1950ರಲ್ಲಿ ಜರ್ಮನ್‌ನಲ್ಲಿ, 1954ರಲ್ಲಿ ಇಂಗ್ಲಿಷ್‌ನಲ್ಲಿ ಪುಸ್ತಕ ಬಂತು. 284ರಲ್ಲಿ 168 ಮಾತ್ರ. ಅದರಲ್ಲೂ ಎಷ್ಟೋ ಪತ್ರಗಳಿಗೆ ಕತ್ತರಿ. ಖಾಸಗಿ ವಿಷಯ, ಬೇರೆಯವರ ಗುಟ್ಟು, ಪುನರಾವರ್ತನೆ, ಅವನ್ನ ಬಿಟ್ಟಿದೀವಿ ಅಂತ ಹೇಳಿದ್ರು. ಓದೋರು ಒಪ್ಪಿಕೊಂಡರು.

1966ರಲ್ಲಿ ಮ್ಯಾಕ್ಸ್ ಶೂರ್, ಫ್ರಾಯ್ಡ್‌ಗೆ ಕೊನೇ ತನಕ ಚಿಕಿತ್ಸೆ ಕೊಟ್ಟ ಅವನದೇ ಡಾಕ್ಟರ್, ಒಂದು ಲೇಖನದಲ್ಲಿ ಕತ್ತರಿಗೆ ಸಿಕ್ಕಿದ್ದ ಪತ್ರಗಳನ್ನ ಹೊರಗೆ ತಂದ. ಅದರಲ್ಲಿ ಎಮ್ಮಾ ಎಕ್‌ಸ್ಟೈನ್ ಇದ್ದಳು.

ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಎಮ್ಮಾ ಫ್ರಾಯ್ಡ್‌ನ ಪೇಷಂಟ್, ಸುಮಾರು ಮೂವತ್ತರ ಹೆಣ್ಣುಮಗಳು. ಹೊಟ್ಟೆನೋವು, ಮುಟ್ಟಿನ ತೊಂದರೆ. ಮೂಗಲ್ಲಿ ಕಾರಣ ಇರಬಹುದು ಅಂತ ಫ್ರಾಯ್ಡ್ ಬರ್ಲಿನ್‌ನಿಂದ ಗೆಳೆಯನನ್ನ ಕರೆಸಿದ, 1895ರ ಫೆಬ್ರವರೀಲಿ ಫ್ಲೀಸ್ ಅವಳ ಮೂಗಿನ ಮೂಳೆಯ ಒಂದು ಭಾಗ ತೆಗೆದು ಊರಿಗೆ ವಾಪಸ್ ಹೋದ. ಬಾವು, ಕೀವು, ಕೆಟ್ಟ ವಾಸನೆ, ರಕ್ತ ನಿಲ್ತಿಲ್ಲ. ವಿಯೆನ್ನಾದ ಇನ್ನೊಬ್ಬ ಡಾಕ್ಟರ್ ರೋಸಾನೆಸ್ ಬಂದು ಕ್ಲೀನ್ ಮಾಡ್ತಿರೋವಾಗ ಮೂಗಲ್ಲಿ ಒಂದು ದಾರ ಥರ ಸಿಕ್ಕಿತು, ಎಳೆದ, ಎಳೀತಾನೇ ಇದ್ದ, ಅರ್ಧ ಮೀಟರ್ ಗಾಜ್ ಬಟ್ಟೆ ಹೊರಗೆ ಬಂತು. ಫ್ಲೀಸ್ ಒಳಗೇ ಮರೆತು ಹೋಗಿದ್ದು. ಹಿಂದೇನೇ ರಕ್ತ ಉಕ್ಕಿತು, ಎಮ್ಮಾ ಬಿಳಿಚಿಕೊಂಡಳು, ಕಣ್ಣು ಹೊರಗೆ ಬಂತು, ನಾಡಿ ಸಿಗಲಿಲ್ಲ. ಫ್ರಾಯ್ಡ್‌ಗೆ ತಲೆ ಸುತ್ತಿ ಪಕ್ಕದ ರೂಮಿಗೆ ಓಡಿದ, ನೀರು ಕುಡಿದ, ಒಂದು ಸಣ್ಣ ಗ್ಲಾಸ್ ಬ್ರಾಂಡಿ ಕೊಟ್ಟು ಸುಧಾರಿಸಿದ್ರು. ಅಷ್ಟರಲ್ಲಿ ಗಾಯಕ್ಕೆ ಮತ್ತೆ ಬಟ್ಟೆ ತುಂಬಿ ರಕ್ತ ನಿಲ್ಲಿಸಿದ್ರು. ಇವನು ನಡುಗ್ತಾ ವಾಪಸ್ ಬಂದಾಗ, ಸಾವಿನ ಬಾಯಿಂದ ಆಗಷ್ಟೇ ಈಚೆ ಬಂದಿದ್ದ ಎಮ್ಮಾ ಇವನ ಕಡೆ ನೋಡಿ, ಇದೇ ನೋಡಿ ಬಲಿಷ್ಠ ಗಂಡುಜಾತಿ ಅಂದಳು. ಇದೆಲ್ಲ ಮಾರ್ಚ್ 8ರ ಪತ್ರದಲ್ಲಿದೆ, ಫ್ರಾಯ್ಡ್ ಕೈಯಲ್ಲೇ. ಅದೇ ಪತ್ರದಲ್ಲೇ ಫ್ಲೀಸ್‌ಗೆ ಸಮಾಧಾನನೂ ಇದೆ, ನಿನ್ನ ತಪ್ಪಲ್ಲ ಮಾರಾಯ, ಯಾರಿಗಾದ್ರೂ ಆಗಬಹುದಿತ್ತು ಅನ್ನೋ ರೀತೀಲಿ. 1896ರ ಹೊತ್ತಿಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅವಳಿಗೆ ರಕ್ತ ಬಂದಿದ್ದು ಹಿಸ್ಟೀರಿಯಾದಿಂದ, ಒಳಗಿನ ಹಂಬಲದಿಂದ ಅಂತ ಬರೀತಾನೆ. ಬಟ್ಟೆ ಮರೆತವನು ಬಚಾವ್.

1895ರ ಜುಲೈನಲ್ಲಿ ಬಿದ್ದ ಕನಸನ್ನ, ಅದರಲ್ಲಿ ಒಬ್ಬ ಪೇಷಂಟ್, ಅವಳ ಗಂಟಲು ಮೂಗಿನ ಒಳಗಿನ ಬಿಳಿ ಮಚ್ಚೆ, ಗಲೀಜು ಸಿರಿಂಜ್ ಇದೆ, ಫ್ರಾಯ್ಡ್ ತನ್ನ ಕನಸಿನ ಪುಸ್ತಕದ ಮೊದಲ ಮಾದರಿಯಾಗಿ ಬಳಸಿದ. ಆ ಕನಸಿನ ಗುಟ್ಟು ಹೊಳೆದ ಮನೆ ಮುಂದೆ ಒಂದಿನ ಅಮೃತಶಿಲೆಯ ಫಲಕ ಹಾಕ್ತಾರೇನೋ ಅಂತ 1900ರಲ್ಲಿ ಫ್ಲೀಸ್‌ಗೆ ತಮಾಷೆಗೆ ಬರೆದಿದ್ದ, 1977ರಲ್ಲಿ ನಿಜವಾಗ್ಲೂ ಹಾಕಿದ್ರು. ಆ ಕನಸಿನ ಹಿಂದೆ ನಾಲ್ಕು ತಿಂಗಳ ಹಿಂದಿನ ಈ ರಕ್ತ ಇದೆ ಅಂತ ತೋರಿಸಿದ್ದೇ ಶೂರ್. ಹೀಗಿರೋವಾಗ 1950ರ ಸಂಪಾದಕರು ಇದನ್ನ ಖಾಸಗಿ ವಿಷಯ ಅಂತ ಬಿಟ್ಟಿದ್ದನ್ನ ನಾನಂತೂ ಒಪ್ಪಲ್ಲ. ಅಪ್ಪನ ಮರ್ಯಾದೆ ಉಳಿಸೋ ಮಗಳ ಕಷ್ಟ ಅರ್ಥ ಆಗುತ್ತೆ, ಆದ್ರೆ ಅದನ್ನ ಸಂಪಾದನೆ ಅನ್ನಬಾರದು.

ಮುಂದಿನ ಪಾತ್ರಧಾರಿ ಒಬ್ಬ ಸಂಸ್ಕೃತ ಪಂಡಿತ, ನಂಬಿ. ಜೆಫ್ರಿ ಮೇಸನ್, ಹಾರ್ವರ್ಡ್‌ನಲ್ಲಿ ಸಂಸ್ಕೃತ ಓದಿ, ಎಂ. ವಿ. ಪಟವರ್ಧನ್ ಜೊತೆ ಶಾಂತರಸ, ಅಭಿನವಗುಪ್ತರ ಬಗ್ಗೆ ಪುಸ್ತಕ ಬರೆದು, ಟೊರಾಂಟೋದಲ್ಲಿ ಸಂಸ್ಕೃತ ಪಾಠ ಮಾಡ್ತಿದ್ದವನು ಮನೋವಿಶ್ಲೇಷಣೆ ಕಡೆ ತಿರುಗಿದ. ನ್ಯೂಯಾರ್ಕ್‌ನಲ್ಲಿ ಕರ್ಟ್ ಐಸ್ಲರ್ 1951ರಿಂದ ಕಟ್ಟಿ ಬೆಳೆಸಿದ್ದ ಫ್ರಾಯ್ಡ್ ದಾಖಲೆಗಳ ಸಂಸ್ಥೆ ಇತ್ತು, ಐಸ್ಲರ್ ಯುರೋಪ್ ಅಮೆರಿಕ ಎಲ್ಲಾ ಹುಡುಕಿ ಕಾಗದ ತಂದು ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಹಾಕೋದು, ಹಾಕಿ ಬೀಗ ಜಡಿಯೋದು, ಕೆಲವಕ್ಕೆ 2100 ದಾಟಿದ ಇಸವಿ ತನಕ. ಅವನು ಮೇಸನ್‌ನ ಮಗನ ಥರ ಹಚ್ಚಿಕೊಂಡು 1980ರಲ್ಲಿ ಉತ್ತರಾಧಿಕಾರಿ ಅನ್ನೋ ಹಂಗೆ ಸಂಸ್ಥೆ ಒಳಗೆ ಕೂರಿಸಿದ. ಮೂಲ ಪತ್ರಗಳನ್ನ ಅನ್ನಾ ಅದೇ ಲೈಬ್ರರಿಗೆ ಕೊಟ್ಟಿದ್ದಳು, ಎಲ್ಲವನ್ನೂ ಸೇರಿಸಿ ಹೊಸ ಆವೃತ್ತಿ ಮಾಡೋಕೆ ಮೇಸನ್‌ಗೆ ಒಪ್ಪಿಗೆನೂ ಕೊಟ್ಟಳು.

1950ರ ಪುಸ್ತಕದಲ್ಲಿ ಬಿಟ್ಟಿದ್ದ ಪತ್ರಗಳನ್ನ ಮೇಸನ್ ಓದ್ತಾ ಹೋದ. 1897ರ ಸೆಪ್ಟೆಂಬರ್‌ನಲ್ಲಿ ನಂಬಲ್ಲ ಅಂದಿದ್ದ ಫ್ರಾಯ್ಡ್, ಡಿಸೆಂಬರ್ 12ಕ್ಕೆ ತಂದೆಯಿಂದ ಆಗೋ ದೌರ್ಜನ್ಯದ ಬಗ್ಗೆ ತನ್ನ ನಂಬಿಕೆ ಮತ್ತೆ ಹೆಚ್ಚಾಗಿದೆ ಅಂತ ಬರೆದಿದಾನೆ, ಪತ್ರದ ಆ ಭಾಗ 1950ರ ಪುಸ್ತಕದಲ್ಲಿ ಇಲ್ಲ. ಸೆಪ್ಟೆಂಬರ್‌ನ ಮಾತು ಇದೆ, ಡಿಸೆಂಬರ್‌ನ ಮಾತಿಲ್ಲ. ಇದರಿಂದ ಮೇಸನ್, ಫ್ರಾಯ್ಡ್ ಧೈರ್ಯ ಸಾಲದೆ ಸತ್ಯ ಬಿಟ್ಟುಕೊಟ್ಟ ಅಂತ ತೀರ್ಮಾನಕ್ಕೆ ಬಂದು ಊರಿಗೆಲ್ಲ ಹೇಳೋಕೆ ಶುರು ಮಾಡಿದ, 1981ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂತು, ಅದೇ ವರ್ಷ ಕೆಲಸದಿಂದ ತೆಗೆದ್ರು, ಕೋರ್ಟು ಕಚೇರಿ ವರ್ಷಗಟ್ಟಲೆ ನಡೀತು. ಅವನ ತೀರ್ಮಾನ ನನಗೆ ಅತಿ ಅನ್ನಿಸುತ್ತೆ, ಒಬ್ಬ ಮನುಷ್ಯ ಮೂರು ತಿಂಗಳಲ್ಲಿ ಎರಡು ಸಲ ಮನಸ್ಸು ಬದಲಿಸಿದ ಅನ್ನೋದಕ್ಕೆ ಹೇಡಿತನನೇ ಕಾರಣ ಆಗಬೇಕಿಲ್ಲ. ಆದ್ರೆ ಅವನು ಮಾಡಿದ ಕೆಲಸ ದೊಡ್ಡದು. 1985ರಲ್ಲಿ ಪೂರ್ತಿ ಪತ್ರಗಳು ಇಂಗ್ಲಿಷ್‌ನಲ್ಲಿ ಬಂದ್ವು, ಮುಂದಿನ ವರ್ಷ ಜರ್ಮನ್‌ನಲ್ಲಿ. ಹೊಸದಾಗಿ ನೂರಕ್ಕೂ ಹೆಚ್ಚು. ಕೆಲಸದಿಂದ ಹೊರಹಾಕಿದವನ ಹೆಸರೇ ಸಂಪಾದಕ ಅಂತ ಮುಖಪುಟದಲ್ಲಿ.

ಈಗ ಲೈಬ್ರರಿ ಆಫ್ ಕಾಂಗ್ರೆಸ್ ಫ್ರಾಯ್ಡ್ ಸಂಗ್ರಹದ ಸುಮಾರು 20 ಸಾವಿರ ದಾಖಲೆಗಳನ್ನ ಆನ್‌ಲೈನ್ ಹಾಕಿದೆ. ಬಸ್ಸಲ್ಲಿ ಕೂತು ಮೊಬೈಲ್‌ನಲ್ಲಿ ಅವನ ಗೀಚಾಟವನ್ನ ಝೂಮ್ ಮಾಡಿ ನೋಡಬಹುದು, ಹಳೇ ಜರ್ಮನ್ ಲಿಪಿ, ನಮಗೆ ಒಂದಕ್ಷರ ಅರ್ಥ ಆಗಲ್ಲ, ಮೋಡಿ ಲಿಪಿ ನೋಡಿದ ಹಾಗೆ.

ನನಗೆ ಈ ಪ್ರಕರಣದಲ್ಲಿ ಇನ್ನೂ ಕಿರಿಕಿರಿ ಆಗೋದು ಒಂದು. ಕಾಗದ ಯಾರದ್ದು ಅಂತ ಬರೆದವನು, ಬರೆಸಿಕೊಂಡವನ ಹೆಂಡತಿ, ಕೊಂಡವಳು, ಮಗಳು, ಸಂಸ್ಥೆ ಎಲ್ಲರೂ ಜಗಳ ಆಡಿದ್ರು, ಎಮ್ಮಾನ ಒಬ್ಬರೂ ಕೇಳಲಿಲ್ಲ. ಅವಳು 1924ರಲ್ಲಿ ತೀರಿಕೊಂಡಳು, ಪತ್ರಗಳು ಮಾರಾಟಕ್ಕೆ ಬರೋ ಮೊದಲೇ. ಆಪರೇಷನ್ ಆದ ಮೇಲೆ ಅವಳ ಮುಖ ಮೊದಲಿನ ಹಾಗೆ ಆಗಲಿಲ್ಲ. ಮುಂದೆ ತಾನೇ ಮನೋವಿಶ್ಲೇಷಣೆ ಕಲಿತು ಪೇಷಂಟ್ ನೋಡಿದಳು, ಮಕ್ಕಳಿಗೆ ಲೈಂಗಿಕ ಶಿಕ್ಷಣ ಕೊಡೋದರ ಬಗ್ಗೆ 1904ರಲ್ಲಿ ಒಂದು ಪುಟ್ಟ ಪುಸ್ತಕನೂ ಬರೆದಳು. 1950ರಲ್ಲಿ ಕತ್ತರಿಸಿದ್ದು ಅವಳ ಗುಟ್ಟು ಕಾಯೋಕೆ ಅಂತ ಯಾರಾದ್ರೂ ಹೇಳಿದ್ರೆ ನಾನು ನಂಬಲ್ಲ, ಆದ್ರೆ 1985ರಲ್ಲಿ ಬಿಚ್ಚಿದ್ದೂ ಅವಳಿಗೋಸ್ಕರ ಅಂತ ಅನ್ನಿಸಲ್ಲ.

ಇನ್ನು ಫ್ಲೀಸ್ ಬರೆದ ಉತ್ತರಗಳು. 1904ರ ಜಗಳದ ಹೊತ್ತಿನ ಕೆಲವು ಬಿಟ್ರೆ ಇಲ್ಲ. ನಾಶ ಮಾಡಿದ್ನೋ ಜಾಣತನದಿಂದ ಎಲ್ಲಾದ್ರೂ ಬಚ್ಚಿಟ್ಟನೋ ನನಗೇ ಗೊತ್ತಿಲ್ಲ ಅಂತ ಫ್ರಾಯ್ಡ್ 1937ರಲ್ಲೂ ಮೇರಿಗೆ ಹೇಳ್ತಾನೆ. ಹಾಗಾಗಿ 284 ಕಾಗದವನ್ನೂ ನಾವು ಓದೋದು, ಪಕ್ಕದ ಸೀಟಿನವರು ಫೋನಲ್ಲಿ ಜಗಳ ಆಡೋದನ್ನ ಕೇಳಿಸಿಕೊಂಡ ಹಾಗೆ, ಆ ಕಡೆಯವರು ಏನಂದ್ರು ಅನ್ನೋದು ಈ ಕಡೆಯವರ ಸಿಟ್ಟಿನಿಂದ ಊಹೆ. ಅರ್ಧ ಮೀಟರ್ ಬಟ್ಟೆಯ ಸುದ್ದಿಗೆ ಫ್ಲೀಸ್ ಏನು ಬರೆದ ಅನ್ನೋದೂ ಹೀಗೇ. ಏಪ್ರಿಲ್ 20ಕ್ಕೆ ಫ್ರಾಯ್ಡ್ ನೊಂದುಕೊಂಡು ಹಾಕಿದ ಒಂದು ಪತ್ರ ಇದೆ, ನಿನ್ನ ಹೆಸರಿಗೆ ಬಂದ ಕಳಂಕ ತೊಳೆಯೋಕೆ ವಿಯೆನ್ನಾದ ಸರ್ಜನ್ ಗೆರ್ಸುನಿ ಹತ್ರ ಒಂದು ಸರ್ಟಿಫಿಕೇಟ್ ಬೇಕು ಅಂತ ಕೇಳ್ತೀಯಲ್ಲ ಅಂತ. ಅಂದ್ರೆ ಫ್ಲೀಸ್ ಕೇಳಿದ್ದು ಅದನ್ನ. ಎಮ್ಮಾ ಹೇಗಿದಾಳೆ ಅಂತಲೂ ಕೇಳಿದ್ನಾ ಅನ್ನೋದು ಆ ಕಾಗದದಲ್ಲಿ ಇರ್ತಿತ್ತು, ಆ ಕಾಗದ ಇಲ್ಲ.